ಯೋಗ ಮಾಡಿದರೆ ನಾರ್ಮಲ್ ಹೆರಿಗೆ ಗ್ಯಾರಂಟಿ ತಾನೇ?

ಬಸುರಿಯರಿಗೆ ಯೋಗ ಹೇಳಿಕೊಡುವ ಯಾರನ್ನೇ ಕೇಳಿ, ದಿನವೂ ಎದುರಾಗುವ ಪ್ರಶ್ನೆ ಇದೇ. ಉತ್ತರ: ಇಲ್ಲ. ಮಗು ಅಡ್ಡ ಮಲಗಿದ್ದರೆ, ಮಾಸು (ಪ್ಲಾಸೆಂಟಾ) ಗರ್ಭಕೋಶದ ಬಾಯಿಯನ್ನೇ ಮುಚ್ಚಿದ್ದರೆ, ಹೆರಿಗೆ ನೋವಿನ ನಡುವೆ ಮಗುವಿನ ಎದೆಬಡಿತ ಇಳಿದು ಮತ್ತೆ ಏರದಿದ್ದರೆ ಸಿಸೇರಿಯನ್ ಬೇಕಾಗುತ್ತದೆ. ಇದಕ್ಕೆ ಯಾವ ಆಸನವೂ ಮದ್ದಲ್ಲ.

ಕೇಳುವವರು ಹೆಚ್ಚಾಗಿ ಗಂಡ, ಅತ್ತೆ, ಸೀಮಂತಕ್ಕೆ ಬಂದ ನೆಂಟರು. ಅದೂ ಬಸುರಿಯ ಎದುರೇ. ಗ್ಯಾರಂಟಿ ಅಂತ ಯೋಗ ಹೇಳಿಕೊಡುವ ನಾವು ಅಂದುಬಿಟ್ಟರೆ ನಾಳೆ ಆಪರೇಷನ್ ಆದಾಗ, "ಸರಿಯಾಗಿ ಯೋಗ ಮಾಡಲಿಲ್ಲ ಇವಳು" ಎಂಬ ಮಾತನ್ನು ಹೊಲಿಗೆ ಇನ್ನೂ ಮಾಯದ ಹೆಣ್ಣುಮಗಳು ಕೇಳಬೇಕಾಗುತ್ತದೆ. ಅದಕ್ಕೇ ಅನ್ನುವುದಿಲ್ಲ.

ಹಾಗಂತ ಯೋಗ ದಂಡ ಎಂದಲ್ಲ. 2005ರಲ್ಲಿ ಪ್ರಕಟವಾದ ಬೆಂಗಳೂರಿನ ಅಧ್ಯಯನವೊಂದರಲ್ಲಿ 335 ಗರ್ಭಿಣಿಯರಿದ್ದರು. ದಿನಕ್ಕೊಂದು ಗಂಟೆ ಯೋಗ ಮಾಡಿದವರಲ್ಲಿ, ನಡಿಗೆ ಮಾಡಿದವರಿಗಿಂತ, ಅವಧಿಗೆ ಮೊದಲೇ ನೋವು ಬಂದದ್ದು ಕಡಿಮೆ, 2.5 ಕಿಲೋ ಮುಟ್ಟಿದ ಮಕ್ಕಳು ಹೆಚ್ಚು. ಆದರೆ ಗುಂಪುಗಳನ್ನು ಚೀಟಿ ಎತ್ತಿದ ಹಾಗೆ ಹಂಚಿರಲಿಲ್ಲವಾದ್ದರಿಂದ ಅದನ್ನೇ ಕೊನೆಯ ಮಾತು ಎನ್ನಲಾಗದು.

ಕೇಳಬೇಕಾದ್ದು ಬೇರೆ: ಏನನ್ನು ಬಿಡಬೇಕು, ಯಾವಾಗ ನಿಲ್ಲಿಸಬೇಕು? ಬಸುರಿಯೇ ಇದನ್ನು ಕೇಳಿದರೆ ಎಷ್ಟು ಹೊತ್ತಾದರೂ ಕೂತು ಹೇಳಬಹುದು.

ರಭಸದಿಂದ ಉಸಿರಾಡುವ ಕಪಾಲಭಾತಿ, ಭಸ್ತ್ರಿಕಾ, ಉಸಿರು ಬಿಗಿಹಿಡಿಯುವ ಕುಂಭಕ ಬೇಡ. ಧನುರಾಸನ, ನೌಕಾಸನ, ಹೊಟ್ಟೆ ಹಿಂಡುವಂಥ ತಿರುಚುವಿಕೆ ಬೇಡ. 20 ವಾರ ದಾಟಿದ ಮೇಲೆ ಅಂಗಾತ ಮಲಗುವ ಶವಾಸನವೂ ಬೇಡ. ಗರ್ಭಕೋಶದ ಭಾರ ಬೆನ್ನೆಲುಬಿನ ಬಲಕ್ಕಿರುವ ದೊಡ್ಡ ರಕ್ತನಾಳವನ್ನು ಒತ್ತುತ್ತದೆ, ಹೃದಯಕ್ಕೆ ಮರಳುವ ರಕ್ತ ಕಡಿಮೆಯಾಗಿ ತಲೆ ಸುತ್ತುತ್ತದೆ. ಎಡಮಗ್ಗುಲಿಗೆ ಮಲಗಿ, ಮಂಡಿಗಳ ನಡುವೆ ದಿಂಬು, ಹೊಟ್ಟೆಯಡಿ ಮಡಚಿದ ಟವೆಲ್ ಇಟ್ಟುಕೊಳ್ಳಿ. ಏಳುವಾಗ ಕೈಯೂರಿ ಪಕ್ಕದಿಂದಲೇ ಏಳಿ. ನೆಟ್ಟಗೆ ಎದ್ದರೆ ಹೊಟ್ಟೆಯ ನಡುಗೆರೆಯಲ್ಲಿ ಅಗಲಿರುವ ಸ್ನಾಯುಗಳ ಮೇಲೆ ಒತ್ತಡ ಬೀಳುತ್ತದೆ.

ಹೆಚ್ಚು ಎಡವಟ್ಟಾಗುವುದು "ಈಗ ಮೊದಲಿಗಿಂತ ಚೆನ್ನಾಗಿ ಬಗ್ಗುತ್ತೆ" ಎಂಬ ಖುಷಿಯಲ್ಲಿ. ರಿಲ್ಯಾಕ್ಸಿನ್ ಮುಂತಾದ ಹಾರ್ಮೋನುಗಳು ಹೆಚ್ಚಿರುವ ಈ ಕಾಲದಲ್ಲಿ ಕೀಲುಗಳ ಕಟ್ಟು ಸಡಿಲಾಗಿರುತ್ತದೆ. ಅಂಗಾಲುಗಳನ್ನು ಜೋಡಿಸಿ ಕೂರುವ ಬದ್ಧಕೋನಾಸನದಲ್ಲಿ ಮಂಡಿಯನ್ನು ನೆಲಕ್ಕೆ ಒತ್ತಿದರೆ ಆಗ ಏನೂ ಅನ್ನಿಸದಿರಬಹುದು. ಮಾರನೆಯ ದಿನ ಮೆಟ್ಟಿಲು ಹತ್ತುವಾಗ ಕಿಬ್ಬೊಟ್ಟೆಯ ಕೆಳಗಿನ ಮೂಳೆಯ ಹತ್ತಿರ ಚುಚ್ಚುತ್ತದೆ. ಮಡಚಿದ ಜಮಖಾನದ ಮೇಲೆ ಕೂತು, ಗೋಡೆಗೊರಗಿ, ಎರಡೂ ತೊಡೆಗಳಡಿ ದಿಂಬಿಟ್ಟು, ಉಸಿರು ಬಿಡುವಾಗ ಕಿಬ್ಬೊಟ್ಟೆಯ ತಳದ ಸ್ನಾಯುಗಳನ್ನು ಸಡಿಲ ಬಿಡಿ. ಬಿಗಿಯುವುದಕ್ಕಿಂತ ಹೀಗೆ ಸಡಿಲಿಸುವುದನ್ನು ಕಲಿಯುವುದು ಕಷ್ಟ, ಹೆರಿಗೆ ಹೊತ್ತಿಗೆ ಬೇಕಾಗುವುದೂ ಅದೇ.

ಸೊಂಟನೋವಿಗೆ ಮಾರ್ಜರಿ ಆಸನ. ಅಂಗೈ, ಮಂಡಿ ಊರಿ, ಉಸಿರು ಬಿಡುತ್ತಾ ಬೆನ್ನು ಉಬ್ಬಿಸಿ, ಎಳೆದುಕೊಳ್ಳುತ್ತಾ ಸಮಕ್ಕೆ ತನ್ನಿ. ಸೊಂಟ ಕೆಳಕ್ಕೆ ಕುಸಿಯಬಾರದು. 6ರಿಂದ 8 ಸಲ ಸಾಕು. ಕುಕ್ಕರಗಾಲಲ್ಲಿ ಕೂರುವ ಮಲಾಸನಕ್ಕೆ ಮಣೆಯ ಮೇಲೆ ಕೂರಿ. ಮಗುವಿನ ತಲೆ ಕೆಳಗೆ ಬಂದಿರದಿದ್ದರೆ ಕೊನೆಯ ತಿಂಗಳುಗಳಲ್ಲಿ ಬೇಡ.

ಮಾಸು ಕೆಳಗಿದೆ, ಬಿಪಿ ಏರಿದೆ, ಗರ್ಭಕೋಶದ ಬಾಯಿಗೆ ಹೊಲಿಗೆ ಹಾಕಿದ್ದಾರೆ ಎಂದಾದರೆ ಡಾಕ್ಟರ್ ಒಪ್ಪದೆ ಯಾವುದನ್ನೂ ಶುರು ಮಾಡಬೇಡಿ. ರಕ್ತ ಕಂಡರೆ, ನೀರು ಹೋದರೆ, ತಲೆನೋವಿನ ಜೊತೆ ಕಣ್ಣು ಮಂಜಾದರೆ, ಒಂದೇ ಕಾಲಿನ ಮೀನಖಂಡ ಊದಿ ನೋಯುತ್ತಿದ್ದರೆ ಅಲ್ಲಿಗೇ ನಿಲ್ಲಿಸಿ ಆಸ್ಪತ್ರೆಗೆ ಹೊರಡಿ. "ಸ್ವಲ್ಪ ಮಲಗು, ಸರಿಹೋಗುತ್ತೆ" ಎಂದು ಯಾರೇ ಹೇಳಲಿ, ಯೋಗ ಹೇಳಿಕೊಡುವ ನಾವೇ ಹೇಳಲಿ, ಕೇಳಬೇಡಿ.