ಬಸ್ಸಿನ ಪ್ರಶ್ನೆ ಕೇಳೋದು ಮರೆತಿದ್ದೆ

ಕಲಬುರಗಿಯ ಒಂದು ಡಿಗ್ರಿ ಕಾಲೇಜಿನಲ್ಲಿ ನಾನು ಮನೋವಿಜ್ಞಾನದ ಅತಿಥಿ ಉಪನ್ಯಾಸಕಿ. ಮೊದಲ ಸೆಮಿಸ್ಟರಿನಲ್ಲಿ ಮೊದಲಿಗೆ ಬರೋದು ಸಂಶೋಧನಾ ವಿಧಾನಗಳ ಪಾಠ. ವೀಕ್ಷಣೆ, ಸಮೀಕ್ಷೆ, ಸಹಸಂಬಂಧ (ಒಂದು ಬದಲಾದಂತೆ ಇನ್ನೊಂದೂ ಬದಲಾಗೋದು), ಪ್ರಯೋಗ. 1879ರಲ್ಲಿ ವುಂಟ್ ಅನ್ನೋ ವಿಜ್ಞಾನಿ ಜರ್ಮನಿಯ ಲೈಪ್‌ಜಿಗ್‌ನಲ್ಲಿ ಮನೋವಿಜ್ಞಾನದ ಪ್ರಯೋಗಾಲಯ ತೆರೆದ ಅಂತ ಶುರು ಮಾಡಿ, ವ್ಯಾಖ್ಯೆಗಳನ್ನು ಬರೆಸಿ ಮುಗಿಸೋದು. ಹುಡುಗರು ಬಾಯಿಪಾಠ ಮಾಡ್ತಾರೆ, ಪರೀಕ್ಷೆ ಮುಗಿದ ಮೇಲೆ ಮರೀತಾರೆ. ನಾನೂ ಹಾಗೇ ಪಾಸಾದವಳು. ಆ ಪಾಠ ನನಗೇ ತಲೆಗೆ ಹೋಗಿಲ್ಲ ಅಂತ ಗೊತ್ತಾಗಿದ್ದು ಪಾಠ ಹೇಳೋಕೆ ಶುರು ಮಾಡಿ ಮೂರು ವರ್ಷ ಆದಮೇಲೆ.

ಆ ವರ್ಷ ಸುಮ್ನೆ ನೋಟ್ಸ್ ಬರೆಸೋದು ಬೇಡ ಅಂತ ಕ್ಲಾಸಿನಲ್ಲೇ ಒಂದು ಸರ್ವೇ ಮಾಡಿದೆ. "ದಿನಕ್ಕೆ ಎಷ್ಟು ತಾಸು ಮೊಬೈಲ್ ನೋಡುತ್ತೀರಿ?" ಒಂದೇ ಪ್ರಶ್ನೆ. ಮೇಲೆ ರೋಲ್ ನಂಬರ್. ಹಾಳೆಗಳನ್ನು ಇಂಟರ್ನಲ್ ಮಾರ್ಕ್ಸ್ ಪಟ್ಟಿಯ ಪಕ್ಕ ಇಟ್ಟು ನೋಡಿದರೆ, ಜಾಸ್ತಿ ತಾಸು ಬರೆದವರಿಗೆ ಮಾರ್ಕ್ಸ್ ಕಡಿಮೆ. ನನಗೋ ಖುಷಿ. ಪಾಲಕರ ಸಭೆಯಲ್ಲಿ ಮೈಕ್ ಹಿಡಿದು ಹೇಳಿಯೇಬಿಟ್ಟೆ: "ಮೊಬೈಲಿಂದ ಮಾರ್ಕ್ಸ್ ಇಳೀತಾವ್ರಿ. ನಮ್ಮ ಸರ್ವೇದಾಗೇ ಬಂದದ."

ಮರುದಿನ ಹಿಂದಿನ ಬೆಂಚಿನ ಒಬ್ಬಳು ಹುಡುಗಿ ಕ್ಲಾಸ್ ಮುಗಿದ ಮೇಲೂ ಕೂತೇ ಇದ್ದಳು. ಆಳಂದದ ಆಚೆಯ ಊರು ಅವಳದು. ಅಪ್ಪ ಫೋನ್ ಕಸಿದುಕೊಂಡಿದ್ದರು.

"ಮೇಡಮ್‌ರಿ, ನಾ ನಾಕ್ ತಾಸು ಅಂತ ಖರೇನೇ ಬರ್ದಿದ್ದೆ. ಅದ್ರಾಗ ಮೂರ್ ತಾಸು ಬಸ್ಸಿನ್ಯಾಗೇ ಹೋಗ್ತದ್ರಿ. ನಿಂತ್ಕೊಂಡು ಪುಸ್ತಕ ತೆಗಿಲಾಕ ಬರಲ್ರಿ, ಮೊಬೈಲ್ ನೋಡ್ತೀನಿ. ಮನಿಗಿ ಹೋದ್ಮ್ಯಾಲ ಓದ್ಲಾಕ ಟೈಮೆಲ್ಲಿ ಇರ್ತದ್ರಿ?"

ಹಾಳೆಗಳನ್ನು ಮತ್ತೆ ಹರಡಿಕೊಂಡು ಕೂತೆ. ಮೂರು, ನಾಲ್ಕು ತಾಸು ಬರೆದವರಲ್ಲಿ ಸುಮಾರು ಜನ ಆಳಂದ, ಅಫಜಲಪುರ, ಜೇವರ್ಗಿ ಕಡೆಯಿಂದ ದಿನಾ ಬಸ್ಸಿನಲ್ಲಿ ಬಂದು ಹೋಗುವವರು. ಬಸ್ಸು ಒಂದು ಕಡೆ ಮೊಬೈಲ್ ನೋಡೋದನ್ನು ಜಾಸ್ತಿ ಮಾಡ್ತಿದೆ, ಇನ್ನೊಂದು ಕಡೆ ಓದುವ ಹೊತ್ತನ್ನು ತಿಂತಿದೆ ಅಂತಿಟ್ಟುಕೊಳ್ಳಿ. ಆಗ ಮೊಬೈಲಿಗೂ ಮಾರ್ಕ್ಸಿಗೂ ನೇರ ಸಂಬಂಧ ಇಲ್ಲದಿದ್ದರೂ ಒಂದು ಏರಿದಾಗ ಇನ್ನೊಂದು ಇಳಿಯುತ್ತದೆ. ಹೀಗೆ ಎರಡನ್ನೂ ಬದಲಿಸುವ ಬೇರೆ ಸಂಗತಿಯನ್ನೇ ಮೂರನೇ ಚಲಕ ಅಂತ ನಾನು ಬೋರ್ಡಿನ ಮೇಲೆ ಎಷ್ಟು ಸಲ ಬರೆದಿಲ್ಲ! ಸಹಸಂಬಂಧ ಅಂದರೆ ಕಾರಣ ಅಲ್ಲ ಅಂತ ಅದರ ಕೆಳಗೆ ಎರಡು ಗೆರೆ ಬೇರೆ ಎಳೀತಿದ್ದೆ.

ಇನ್ನೊಂದು ವಿಷಯ ಆಗ ಕಣ್ಣಿಗೆ ಬಿತ್ತು. ಊರೊಳಗಿನ ಹುಡುಗರಲ್ಲಿ ಹೆಚ್ಚಿನವರು ಬರೆದಿದ್ದು "1 ತಾಸು". ರೋಲ್ ನಂಬರ್ ಹಾಕಿಸಿ, ಮೇಡಂ ಎದುರಿಗೆ ನಿಂತು ಕೇಳಿದರೆ ಯಾರು ತಾನೇ ಐದು ಅಂತ ಬರೀತಾರೆ? ಮರುದಿನ, ಫೋನಿನಲ್ಲೇ ಲೆಕ್ಕ ಇರುತ್ತಲ್ಲ, ತೋರಿಸಿ ಅಂದೆ. ಮುಂದಿನ ಬೆಂಚಿನ ಹುಡುಗ ನಗುತ್ತಾ ತೋರಿಸಿದ: 5 ತಾಸು 12 ನಿಮಿಷ. ಅವನ ಪಕ್ಕದವನು ಫೋನನ್ನು ಮೆಲ್ಲಗೆ ಬ್ಯಾಗಿಗೆ ಹಾಕಿಕೊಂಡ. ಆಗ ನೆನಪಾಯಿತು, ಒಪ್ಪಿಗೆ ಕೇಳದೆ ಇನ್ನೊಬ್ಬರ ಮಾಹಿತಿ ತೆಗೆದುಕೊಳ್ಳಬಾರದು ಅನ್ನೋದೂ ಇದೇ ಪಾಠದಲ್ಲೇ ಇದೆ. ಅಲ್ಲಿಗೇ ಬಿಟ್ಟೆ.

ಸರ್ವೇ ಸಾಕು, ಒಂದು ಸಣ್ಣ ಪ್ರಯೋಗ ಮಾಡೋಣ ಅಂದೆ. ಪಕ್ಕದಲ್ಲಿ ಫೋನ್ ಇದ್ದರೆ ಕೈ ನಿಧಾನ ಆಗುತ್ತಾ? "ನಿಧಾನ" ಅಂದರೆ ಏನು ಅಂತ ಮೊದಲು ತೀರ್ಮಾನ ಆಗಬೇಕಲ್ಲ. 30 ಸೆಂಟಿಮೀಟರಿನ ಸ್ಕೇಲನ್ನು ಮೇಲೆ ಹಿಡಿದು ಬಿಡೋದು, ಕೆಳಗೆ ಬೆರಳು ಅಗಲಿಸಿಕೊಂಡವರು ಎಷ್ಟನೇ ಗೆರೆಯಲ್ಲಿ ಹಿಡಿದರು ಅಂತ ನೋಡೋದು. 20 ಸೆಂಟಿಮೀಟರ್ ಜಾರಿದರೆ ಹೆಚ್ಚುಕಡಿಮೆ 0.2 ಸೆಕೆಂಡ್. ವುಂಟ್‌ನ ಪ್ರಯೋಗಾಲಯದಲ್ಲೂ ಪ್ರತಿಕ್ರಿಯೆಯ ಸಮಯ ಅಳೆಯುತ್ತಿದ್ದರು, ಅವರ ಹತ್ತಿರ ಒಳ್ಳೇ ಯಂತ್ರ ಇತ್ತು ಅಷ್ಟೇ. ಫೋನ್ ಸ್ವತಂತ್ರ ಚಲಕ, ಅಂದರೆ ನಾವು ಬದಲಿಸೋದು; ಗೆರೆಯ ಸಂಖ್ಯೆ ಅವಲಂಬಿತ ಚಲಕ, ಅಂದರೆ ನಾವು ಅಳೆಯೋದು. ಚೀಟಿ ಎತ್ತಿಸಿ ಎರಡು ಗುಂಪು ಮಾಡಿದೆ. ಒಂದು ಗುಂಪಿನವರ ಫೋನ್ ಡೆಸ್ಕಿನ ಮೇಲೆ, ಇನ್ನೊಂದು ಗುಂಪಿನವರದು ಹೊರಗಿನ ಕೋಣೆಯಲ್ಲಿ.

"ಚೀಟಿ ಯಾಕ್ರಿ, ಈ ಸಾಲು ಆ ಸಾಲು ಅಂತ ಮಾಡಿದ್ರ ಆಗಲ್ಲೇನ್ರಿ?" ಅಂತ ಒಬ್ಬ ಕೇಳಿದ. ನಾನು ಬಾಯಿ ತೆಗೆಯೋ ಮೊದಲೇ ಆಳಂದದ ಹುಡುಗಿ ಹೇಳಿದಳು: "ಬಸ್ಸಿನೋರು ನಾವೆಲ್ಲಾ ಹಿಂದಿನ ಸಾಲಿನ್ಯಾಗೇ ಕೂಡ್ತೀವಲ್ಲ. ಚೀಟಿ ಎತ್ತಿದ್ರ ಎರಡೂ ಕಡಿ ಹಂಚಿ ಹೋಗ್ತೀವಿ." ಅಷ್ಟು ಸರಳವಾಗಿ ನಾನು ಯಾವತ್ತೂ ಹೇಳಿಕೊಟ್ಟಿರಲಿಲ್ಲ.

ಸ್ಕೇಲ್ ಬಿಡುತ್ತಿದ್ದವಳು ನಾನೇ. ಏಳೆಂಟು ಜನ ಆದಮೇಲೆ ಒಬ್ಬ ಕೈ ಎತ್ತಿದ. "ಮೇಡಮ್‌ರಿ, ನೀವು ಬಿಡೋಕ್ಕಿಂತ ಮೊದಲ ಹುಬ್ಬು ಎತ್ತತೀರಿ. ನಾವು ಅದನ್ನೇ ನೋಡಿ ಹಿಡೀತಿದೀವಿ." ಬರ್ಲಿನ್ನಿನ ಹಾನ್ಸ್ ಅನ್ನೋ ಕುದುರೆಯ ಕಥೆ ನೆನಪಾಗಿ ನಗು ಬಂತು. ಲೆಕ್ಕ ಕೇಳಿದರೆ ಕಾಲು ಬಡಿದು ಉತ್ತರ ಹೇಳುತ್ತೆ ಅಂತ ಅದಕ್ಕೆ ದೊಡ್ಡ ಹೆಸರು. ಕೇಳುವವರು ತಮಗೇ ಗೊತ್ತಿಲ್ಲದೆ ಸ್ವಲ್ಪ ತಲೆ ಅಲ್ಲಾಡಿಸಿದಾಗ ಅದು ಬಡಿಯೋದು ನಿಲ್ಲಿಸುತ್ತೆ ಅಂತ 1907ರಲ್ಲಿ ಫುಂಗ್ಸ್ಟ್ ಅನ್ನುವವರು ತೋರಿಸಿಕೊಟ್ಟರು. ನನ್ನ ಮುಖಕ್ಕೆ ಪರೀಕ್ಷೆಯ ಪ್ಯಾಡ್ ಅಡ್ಡ ಹಿಡಿದು ಮೊದಲಿಂದ ಶುರು ಮಾಡಿದೆವು. ಅರ್ಧಕ್ಕೆ ಕರೆಂಟ್ ಹೋಯಿತು, ಫ್ಯಾನ್ ನಿಂತಿತು, ಕಲಬುರಗಿಯ ಮಾರ್ಚ್ ಮಧ್ಯಾಹ್ನ ಬೇರೆ. ಮೊದಲಿನವರಿಗೂ ಈಗಿನವರಿಗೂ ಪರಿಸ್ಥಿತಿ ಒಂದೇ ಅಲ್ಲ, ಇನ್ನು ಮುಂದಿನವರ ಲೆಕ್ಕ ಬರೆಯಬಾರದು ಅಂತ ಹುಡುಗರೇ ಪುಸ್ತಕ ಮುಚ್ಚಿದರು.

ಆ ಸಂಜೆ ಹುಡುಗಿಯ ಅಪ್ಪನಿಗೆ ಫೋನ್ ಮಾಡಿದೆ. ಸಭೆಯಲ್ಲಿ ನಾನು ಹೇಳಿದ್ದು ಸರಿಯಿಲ್ಲ, ಅವಳ ಫೋನ್ ವಾಪಸ್ ಕೊಡಿ ಅಂದೆ.

"ಹಂಗಾದ್ರ ಮೊಬೈಲ್ ನೋಡಿದ್ರ ಏನೂ ಆಗಂಗಿಲ್ಲ ಅಂತೀರೇನ್ರಿ?"

"ಹಂಗೂ ಅಲ್ರಿ. ನನ್ನ ಸರ್ವೇಯಿಂದ ಯಾವುದೂ ಹೇಳ್ಲಾಕ ಬರಲ್ರಿ."

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. "ಮತ್ತ ಅವತ್ತ ಮೈಕಿನ್ಯಾಗ ಯಾಕ್ ಹೇಳಿದ್ರಿ?"

ಉತ್ತರ ಇರಲಿಲ್ಲ. "ತಪ್ಪಾಯ್ತ್ರಿ" ಅಂದೆ.