ಮೊಣಕಾಲು ಮರುದಿನ ಮುಂಜಾನೆ ಹೇಳುತ್ತದೆ

ಜನವರಿ ಬಂತು ಅಂದರೆ ನಮ್ಮ ಓಣಿಯಲ್ಲಿ ರೊಟ್ಟಿ ಬಡಿಯುವ ಸಪ್ಪಳ ಶುರುವಾಗುತ್ತದೆ. ಕೊಪ್ಪಳದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಗವಿಮಠದ ಜಾತ್ರೆಯ ದಾಸೋಹಕ್ಕೆ ಊರಿನ ಮನೆಗಳಿಂದ, ಸುತ್ತಲಿನ ಹಳ್ಳಿಗಳಿಂದ ಖಡಕ್ ರೊಟ್ಟಿ ಹೋಗುತ್ತವೆ. ಮೂರು ವರ್ಷದ ಹಿಂದೆ ನಾನೂ ನಮ್ಮ ಅತ್ತಿಯವರೂ ಎರಡು ದಿನ ನೆಲದ ಮೇಲೆ ಕೂತು ರೊಟ್ಟಿ ಮಾಡಿದೆವು. ಒಂದು ಕಾಲು ಮಡಚಿ, ಇನ್ನೊಂದು ಚಾಚಿ, ಹಂಚಿನ ಮುಂದೆ ಬಾಗಿ. ಆಗ ಏನೂ ಅನಿಸಲಿಲ್ಲ. ಮೂರನೇ ದಿನ ಮುಂಜಾನೆ ಏಳಲು ಹೋದರೆ ಬಲಗಾಲು ಪೂರ್ತಿ ಮಡಚಲೂ ಇಲ್ಲ, ನೆಟ್ಟಗೂ ಆಗಲಿಲ್ಲ. ಮೊಣಕಾಲು ಚಿಪ್ಪಿನ ಎರಡೂ ಬದಿಗೆ ಸಣ್ಣ ತಗ್ಗು ಇರುತ್ತದಲ್ಲ, ಅದು ಮುಚ್ಚಿಹೋಗಿತ್ತು. ಮುಟ್ಟಿದರೆ ನೀರು ತುಂಬಿದ ಚೀಲದ ಹಾಗೆ ಮೆತ್ತಗೆ.

ನನಗೆ ಆಗ 51. ಹೈಸ್ಕೂಲಿನಲ್ಲಿ ಪಾಠ ಮಾಡುತ್ತೇನೆ, ದಿನಕ್ಕೆ ಐದು ಪಿರಿಯಡ್ ನಿಂತೇ ಇರುತ್ತೇನೆ. ಶಾಲೆಗೆ ಹೋಗಿ ಬರುವುದು ಬಸ್ಸಿನಲ್ಲಿ.

ಆಮೇಲಿನ ಒಂದು ವರ್ಷ ನಾನು ಮಾಡಿದ್ದು ಇಷ್ಟೇ. ಬಾವು ಬಂದಾಗ ಹತ್ತು ಹದಿನೈದು ದಿನ ಕಾಲು ಚಾಚಿ ಮಲಗುವುದು, ಇಳಿದ ಕೂಡಲೇ ಬಾಕಿ ಉಳಿದ ಕೆಲಸವನ್ನೆಲ್ಲ ಒಂದೇ ದಿನದಲ್ಲಿ ಮುಗಿಸುವುದು, ಮತ್ತೆ ಬಾವು ಬರಿಸಿಕೊಳ್ಳುವುದು. ನಾಲ್ಕು ಸಲ ಹೀಗಾಯಿತು. ಅದರಲ್ಲಿ ಒಂದು ಸಲ ಮಕ್ಕಳನ್ನು ಕರೆದುಕೊಂಡು ಅಂಜನಾದ್ರಿ ಬೆಟ್ಟಕ್ಕೆ ಹೋಗಿದ್ದೆ. 575 ಮೆಟ್ಟಿಲು. ಹತ್ತಿದೆ, ದರ್ಶನ ಮಾಡಿದೆ, ಮಕ್ಕಳ ಜೊತೆ ನಗುತ್ತಾ ಇಳಿದೆ. ಮರುದಿನ ಶಾಲೆಗೆ ರಜೆ ಹಾಕಿದೆ.

ಪಕ್ಕದ ಮನೆಯಾಕೆ ಪ್ರೀತಿಯಿಂದಲೇ ಹೇಳುತ್ತಿದ್ದಳು: "ಯಕ್ಕಾ, ಅಡ್ಡಾಡಬ್ಯಾಡ್ರಿ. ಎಷ್ಟು ಅಡ್ಡಾಡ್ತೀರಿ ಅಷ್ಟು ಸವೀತೈತಿ." ನಮ್ಮಲ್ಲಿ ಎಲ್ಲರೂ ಹೀಗೇ ನಂಬಿದ್ದೇವೆ. ಗಾಡಿ ಓಡಿದಷ್ಟೂ ಟೈರು ಸವೆಯುತ್ತದೆ, ಮೊಣಕಾಲೂ ಹಾಗೇ ಅಂತ. ನಾನೂ ನಂಬಿದ್ದೆ.

ಆ ವರ್ಷವೇ ಒಂದು ಕಡೆ ತೋರಿಸಿಕೊಂಡೆ. ಎಕ್ಸ್‌ರೇ ಇಲ್ಲ, ರಕ್ತ ಪರೀಕ್ಷೆ ಇಲ್ಲ, ಮೊಣಕಾಲಿಗೆ ನೇರ ಸೂಜಿ. ಮೂರು ದಿನದಲ್ಲಿ ಬಾವು ಮಾಯ. ಒಂದೂವರೆ ತಿಂಗಳಿಗೆ ಮತ್ತೆ ಬಂತು, ಮತ್ತೆ ಹೋದೆ, ಮತ್ತೆ ಸೂಜಿ. ಅದು ಸ್ಟೀರಾಯ್ಡ್ ಅಂತ ಯಾರೂ ಹೇಳಲಿಲ್ಲ, ಚೀಟಿಯಲ್ಲೂ ಬರೆಯಲಿಲ್ಲ. ನನಗೆ ಶುಗರ್ ಇದೆ, ಸ್ಟೀರಾಯ್ಡ್ ಅದನ್ನು ಏರಿಸುತ್ತದೆ. ಎರಡನೇ ಸೂಜಿಯ ನಂತರ ಅದು ಏಕೆ ಅಷ್ಟು ಏರಿತು ಅಂತ ತಿಳಿಯದೆ ಒಂದು ವಾರ ಗಾಬರಿಯಾಗಿದ್ದೆ. ಸ್ಟೀರಾಯ್ಡ್ ಸೂಜಿ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಸರಿಯಾದ ಹೊತ್ತಿನಲ್ಲಿ ಒಂದು ಸೂಜಿ ಕೆಲವು ವಾರ ಆರಾಮ ಕೊಡುತ್ತದೆ, ಆ ವಾರಗಳಲ್ಲಿ ವ್ಯಾಯಾಮ ಶುರು ಮಾಡಬಹುದು. ಆದರೆ ಏನು ಕೊಡುತ್ತಿದ್ದೀರಿ ಅಂತ ಕೇಳಿ. ಮೇಲಿಂದ ಮೇಲೆ ಹಾಕಿಸಿಕೊಂಡರೆ ಇರುವ ಮೃದ್ವಸ್ಥಿಗೂ, ಅಂದರೆ ಕೀಲಿನಲ್ಲಿ ಎಲುಬಿನ ತುದಿಗಿರುವ ನುಣುಪಾದ ಹೊದಿಕೆಗೂ, ಹಾನಿ. ಎರಡು ಸೂಜಿಯ ನಡುವೆ ಕನಿಷ್ಠ ಮೂರು ತಿಂಗಳಾದರೂ ಇರಬೇಕು ಅಂತ ಆಮೇಲೆ ತಿಳಿಯಿತು.

ಆಮೇಲೆ ಹೋದ ಎಲುಬಿನ ಡಾಕ್ಟರು ಮೊದಲು ನಿಲ್ಲಿಸಿ ಎಕ್ಸ್‌ರೇ ತೆಗೆಸಿದರು. ಮಲಗಿಸಿ ತೆಗೆದರೆ ಎಲುಬುಗಳ ನಡುವಿನ ಜಾಗ ಜಾಸ್ತಿ ಕಾಣಬಹುದು, ಮೈಭಾರ ಬಿದ್ದಾಗಲೇ ನಿಜ ಗೊತ್ತಾಗುವುದು. ಒಳಬದಿಯ ಜಾಗ ಕಿರಿದಾಗಿತ್ತು, ಅಂಚಿಗೆ ಎಲುಬಿನ ಸಣ್ಣ ಮುಳ್ಳು ಬೆಳೆದಿತ್ತು. ಸಿರಿಂಜಿನಲ್ಲಿ 35 ಎಂ.ಎಲ್. ನೀರು ತೆಗೆದರು. ತಿಳಿ ಹಳದಿ, ಕುಸುಬಿ ಎಣ್ಣೆಯ ಬಣ್ಣ. ಕೀವು ಇದೆಯಾ, ಯೂರಿಕ್ ಆಸಿಡ್ ಹರಳು ಇದೆಯಾ ನೋಡಲು ಲ್ಯಾಬಿಗೆ ಕಳಿಸಿದರು. ಎರಡೂ ಇರಲಿಲ್ಲ. ಅಸ್ಥಿಸಂಧಿವಾತ, ಅಂದರೆ ಕೀಲಿನ ಸವಕಳಿ.

ಇನ್ನೊಂದು ಪ್ರಶ್ನೆ ಕೇಳಿದರು. ಯಾವ ನೀರು ಕುಡಿದು ಬೆಳೆದಿರಿ? ನಮ್ಮ ತವರು ಯಲಬುರ್ಗಾ ಕಡೆ, ಬೋರಿನ ನೀರು. ಕುಷ್ಟಗಿ, ಯಲಬುರ್ಗಾ ಭಾಗದ ಬೋರುಗಳಲ್ಲಿ ಫ್ಲೋರೈಡ್ ಇರುವುದು ನಮಗೆಲ್ಲ ಗೊತ್ತು. ಲೀಟರಿಗೆ 1.5 ಮಿಲಿಗ್ರಾಂ ದಾಟಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಹಲ್ಲಿನ ಮೇಲೆ ಕಂದು ಕಲೆ ಬೀಳಬಹುದು. ಇನ್ನೂ ಜಾಸ್ತಿ ಇದ್ದರೆ ಬೆನ್ನು, ಕುತ್ತಿಗೆ, ಕೀಲು ಬಿಗಿಯಾಗುತ್ತವೆ. ನನ್ನದು ಅದಲ್ಲ ಅಂದರು. ಆದರೆ ನಮ್ಮ ಕಡೆ ಮೊಣಕಾಲು ನೋವನ್ನೆಲ್ಲ ನೀರಿನ ಮೇಲೆ ಹಾಕಿ ಸುಮ್ನೆ ಕೂರುವವರು ಬಹಳ ಜನ. ಅದಕ್ಕೇ ಇಲ್ಲಿ ಬರೆದೆ.

ಮೊಣಕಾಲಿನಲ್ಲಿ ಏಕೆ ನೀರು ತುಂಬುತ್ತದೆ ಅಂತ ಕೇಳಿದೆ. ಮೃದ್ವಸ್ಥಿಗೆ ನರವೂ ಇಲ್ಲ, ರಕ್ತನಾಳವೂ ಇಲ್ಲವಂತೆ. ಅದು ಸವೆಯುವಾಗ ಉದುರುವ ಚೂರುಗಳು ಕೀಲಿನ ಒಳಪೊರೆಯನ್ನು ಕೆರಳಿಸುತ್ತವೆ. ಕೆರಳಿದ ಪೊರೆ ಜಾಸ್ತಿ ನೀರು ಬಿಡುತ್ತದೆ. ರಕ್ತನಾಳ ಇಲ್ಲದ ಮೃದ್ವಸ್ಥಿಗೆ ಊಟ ಸಿಗುವುದೂ ಕೀಲಿನ ನೀರಿನಿಂದಲೇ, ಸ್ಪಂಜು ಹಿಂಡಿ ಬಿಟ್ಟ ಹಾಗೆ, ಭಾರ ಬಿದ್ದು ಎದ್ದಾಗ. ಅಂದರೆ ನಡೆಯದೇ ಇದ್ದರೆ ಅದು ಉಪವಾಸ ಬೀಳುತ್ತದೆ. ಟೈರಿನ ಲೆಕ್ಕ ಅಲ್ಲಿಗೆ ಮುಗಿಯಿತು. ಇನ್ನೊಂದು ಮಾತು ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿತು. 20-30 ಎಂ.ಎಲ್. ನೀರು ತುಂಬಿದರೂ ಸಾಕು, ತೊಡೆಯ ಮುಂಭಾಗದ ಸ್ನಾಯು ತನ್ನಿಂದ ತಾನೇ ಕೆಲಸ ಕಡಿಮೆ ಮಾಡುತ್ತದೆ. ಆ ಸ್ನಾಯು ಸೋತರೆ ಭಾರವೆಲ್ಲ ಕೀಲಿನ ಮೇಲೆ ಬಿತ್ತು, ಮತ್ತೆ ಬಾವು. ನಾನು ಒಂದು ವರ್ಷ ಮಲಗಿ ಮಲಗಿ ಅದೇ ಸ್ನಾಯುವನ್ನು ಒಣಗಿಸಿದ್ದೆ. ಎರಡೂ ತೊಡೆ ಜೋಡಿಸಿ ನೋಡಿದರೆ ಬಲಗಡೆಯದು ಸಣ್ಣದು.

ಫಿಸಿಯೋ ಮಾಡಿಸುವ ಹುಡುಗಿ ನನ್ನ ಶಿಷ್ಯೆಯ ವಯಸ್ಸಿನವಳು. ಮೊದಲ ದಿನವೇ ಅವಳು ಹೇಳಿದ ಮಾತು ಇವತ್ತಿಗೂ ನನ್ನ ದಾರಿ. "ಟೀಚರ್, ಮೊಣಕಾಲು ಇವತ್ತು ಏನೂ ಹೇಳಂಗಿಲ್ರಿ. ನಾಳೆ ಮುಂಜಾನೆ ಹೇಳತೈತಿ."

ಅದಕ್ಕೆ ಟೈಲರ್ ಟೇಪು ಹಾಸಿಗೆಯ ಪಕ್ಕದಲ್ಲೇ ಇರುತ್ತದೆ. ಏಳುವ ಮೊದಲು ಕಾಲು ಚಾಚಿ, ಚಿಪ್ಪಿನ ನಟ್ಟನಡುವೆ ಸುತ್ತಿ ಅಳೆಯುತ್ತೇನೆ. ನನ್ನ ಬಲ ಮೊಣಕಾಲು ಚೆನ್ನಾಗಿದ್ದಾಗ 38 ಸೆಂಟಿಮೀಟರ್. ಹಿಂದಿನ ದಿನ ಏನು ಮಾಡಿದ್ದೆ ಅಂತ ಎದುರಿಗೆ ಬರೆಯುತ್ತೇನೆ. 38 ಇದ್ದರೆ ಹಿಂದಿನ ದಿನದ ಕೆಲಸ ಅದಕ್ಕೆ ಒಪ್ಪಿದೆ, ಎರಡು ಮೂರು ದಿನ ಹಾಗೇ ನಡೆಸಿ ಆಮೇಲೆ ಸ್ವಲ್ಪ ಏರಿಸಬಹುದು. 39 ದಾಟಿದರೆ ಅರ್ಧಕ್ಕೆ ಇಳಿಸುತ್ತೇನೆ. ಅರ್ಧಕ್ಕೆ ಅಂದೆ, ಪೂರ್ತಿ ನಿಲ್ಲಿಸುವುದಿಲ್ಲ. ನಡೆಯುವಾಗ ಸ್ವಲ್ಪ ನೋವಾದರೆ ಈಗ ಹೆದರಿಕೆಯಿಲ್ಲ, ಮರುದಿನದೊಳಗೆ ಅದು ತನ್ನ ಜಾಗಕ್ಕೆ ಬಂದರೆ ಆಯಿತು. ಮೂರು ತಿಂಗಳ ಬರಹ ನೋಡಿದಾಗ ನನಗೇ ಆಶ್ಚರ್ಯವಾಯಿತು. ಸ್ಟೇಡಿಯಂನಲ್ಲಿ ನಾಲ್ಕು ಸುತ್ತು ನಡೆದ ಮರುದಿನ ಟೇಪು ಏನೂ ಹೇಳಿರಲಿಲ್ಲ. ನೆಲದ ಮೇಲೆ ಒಂದು ತಾಸು ಕೂತ ಮರುದಿನ, ಕುಕ್ಕರುಗಾಲಲ್ಲಿ ಅಂಗಳ ತೊಳೆದ ಮರುದಿನ, ಪ್ರತಿ ಸಲವೂ ಬಾವು. ನಾನು ಬಿಟ್ಟಿದ್ದು ನಡಿಗೆಯನ್ನು, ಬಿಡಬೇಕಾಗಿದ್ದುದು ನೆಲವನ್ನು.

ಬಾವು ಬಂದ ದಿನ ಐಸನ್ನು ಟವೆಲಿನಲ್ಲಿ ಸುತ್ತಿ 15 ನಿಮಿಷ ಇಡುತ್ತೇನೆ, ದಿನಕ್ಕೆ ಮೂರು ಸಲ. ಮೊದಲೆಲ್ಲ ಬಿಸಿ ಎಣ್ಣೆ ಹಾಕಿ ಗಟ್ಟಿಯಾಗಿ ತಿಕ್ಕಿಸಿಕೊಳ್ಳುತ್ತಿದ್ದೆ. ಬಿಸಿಯಾಗಿ ಬಾತ ಕೀಲಿಗೆ ಅದು ಬೇಡ. ಆ ದಿನವೂ ಒಂದು ವ್ಯಾಯಾಮ ತಪ್ಪಿಸುವುದಿಲ್ಲ: ಮೊಣಕಾಲಿನ ಕೆಳಗೆ ಸುತ್ತಿದ ಟವೆಲ್ ಇಟ್ಟು ಕೆಳಗೆ ಒತ್ತಿ, ತೊಡೆ ಬಿಗಿ ಮಾಡಿ ಐದು ಎಣಿಸಿ ಬಿಡುವುದು. ಬಾವು ಇಳಿದಂತೆ ಕಾಲು ನೆಟ್ಟಗಿಟ್ಟು ಎತ್ತುವುದು, ಕುರ್ಚಿಯಿಂದ ಕೈ ಊರದೆ ಎದ್ದು ಕೂರುವುದು, ಅಡುಗೆ ಕಟ್ಟೆ ಹಿಡಿದು ಹಿಮ್ಮಡಿ ಎತ್ತುವುದು. ಕುರ್ಚಿಯಿಂದ ಏಳುವುದು ಮೊದಲ ವಾರ ಮೂರು ಸಲ ಆಗುತ್ತಿತ್ತು. ಈಗ ಹನ್ನೆರಡು. ಇದಕ್ಕೆ ಹತ್ತು ಹನ್ನೆರಡು ವಾರ ಹಿಡಿಯಿತು. ಎರಡನೇ ವಾರಕ್ಕೇ ಏನೂ ಆಗಲಿಲ್ಲ ಅಂತ ಬಿಡಬೇಡಿ ದಯವಿಟ್ಟು.

ಬಸ್ಸಿನ ಮೆಟ್ಟಿಲು ಹತ್ತುವಾಗ ಒಳ್ಳೆ ಕಾಲು ಮೊದಲು, ಇಳಿಯುವಾಗ ನೋವಿನ ಕಾಲು ಮೊದಲು. ಕೋಲು ಹಿಡಿದರೆ ನೋವಿಲ್ಲದ ಕಡೆಯ ಕೈಯಲ್ಲಿ. ಇದನ್ನು ಬಹಳ ಜನ ತಿರುಗಾಮುರುಗಾ ಮಾಡುತ್ತಾರೆ. ಏಪ್ರಿಲ್, ಮೇ ತಿಂಗಳ ನಮ್ಮ ಬಿಸಿಲಿಗೆ ಐದೂವರೆಗೇ ಮನೆ ಬಿಡುತ್ತೇನೆ. ತೂಕ 71 ಇತ್ತು, ಒಂದು ವರ್ಷದಲ್ಲಿ 65 ಆಯಿತು. ಒಂದು ಕಿಲೋ ಇಳಿದರೆ ಪ್ರತಿ ಹೆಜ್ಜೆಗೂ ಮೊಣಕಾಲಿನ ಮೇಲಿನ ಹೊರೆ ಸುಮಾರು ನಾಲ್ಕು ಕಿಲೋ ಕಡಿಮೆಯಾಗುತ್ತದೆ ಅಂತ ಡಾಕ್ಟರು ಹೇಳಿದ್ದರು. ನನಗೆ ತೂಕ ಇಳಿಸುವ ಮನಸ್ಸು ಬಂದದ್ದೇ ಆ ಲೆಕ್ಕದಿಂದ.

ಔಷಧಿಯ ಬಗ್ಗೆ ಒಂದೇ ಮಾತು. ಡೈಕ್ಲೋಫೆನಾಕ್ ಜೆಲ್ ಹಚ್ಚುತ್ತೇನೆ, ನನಗೆ ಸಾಕಾಗುತ್ತದೆ. ನೋವಿನ ಗುಳಿಗೆಯನ್ನು ಮೆಡಿಕಲ್ ಶಾಪಿನಲ್ಲಿ ಕೇಳಿ ತಂದು ತಿಂಗಳುಗಟ್ಟಲೆ ನುಂಗಬೇಡಿ. ಬಿಪಿ, ಶುಗರ್, ಕಿಡ್ನಿ ತೊಂದರೆ ಇದ್ದವರಂತೂ ಬೇಡವೇ ಬೇಡ. ಮತ್ತೆ ಮೊಣಕಾಲು ಒಮ್ಮೆಲೇ ಕೆಂಪಾಗಿ ಸುಡುತ್ತಿದ್ದರೆ, ಜ್ವರ ಬಂದರೆ, ಕಾಲೂರಲು ಆಗದಿದ್ದರೆ, ಮೀನಖಂಡ ಬಾತು ನೋಯುತ್ತಿದ್ದರೆ ಐಸು ಇಟ್ಟು ಕಾಯಬೇಡಿ. ಅದೇ ದಿನ ಆಸ್ಪತ್ರೆಗೆ ಹೋಗಿ.

ಈ ಸಲದ ಜಾತ್ರೆಗೆ ಅತ್ತಿಯವರು ನನ್ನನ್ನು ಬಿಟ್ಟೇ ರೊಟ್ಟಿಗೆ ಕೂರುವವರಿದ್ದರು. "ನೀ ಬ್ಯಾಡವಾ, ನಿನ್ ಕಾಲು ನೋಡ್ಕೊ" ಅಂದರು. ನನಗೆ ಮನಸ್ಸು ಒಪ್ಪಲಿಲ್ಲ. ಗ್ಯಾಸನ್ನು ಕಟ್ಟೆಯ ಮೇಲಿಟ್ಟು, ಪಕ್ಕಕ್ಕೆ ಎತ್ತರದ ಸ್ಟೂಲು ಎಳೆದುಕೊಂಡು, ಇಪ್ಪತ್ತು ರೊಟ್ಟಿಗೊಮ್ಮೆ ಅಂಗಳದಲ್ಲಿ ಒಂದು ಸುತ್ತು ಹೋಗಿ ಬರುತ್ತಾ, ಮೂರು ದಿನಕ್ಕೆ ಹಂಚಿ ನೂರೈವತ್ತು ರೊಟ್ಟಿ ಮಾಡಿದೆ. ಅತ್ತಿಯವರೂ ಎರಡನೇ ದಿನ ನೆಲ ಬಿಟ್ಟು ಕಟ್ಟೆಗೆ ಬಂದರು. ನಾಲ್ಕನೇ ದಿನ ಮುಂಜಾನೆ ಟೇಪು 38.5 ತೋರಿಸಿತು. ಅವತ್ತು ಸ್ಟೇಡಿಯಂಗೆ ಎರಡೇ ಸುತ್ತು ಹಾಕಿ, ಬರುವ ದಾರಿಯಲ್ಲಿ ರೊಟ್ಟಿಯ ಗಂಟನ್ನು ಮಠಕ್ಕೆ ಮುಟ್ಟಿಸಿ ಬಂದೆ.