ಬೆಂಗಳೂರಿನ ಕಥೆಗಳ ನಕ್ಷೆ: ನೀರಿನ ಹಾಳೆ ಮುಗಿಯಿತು

ಬೆಂಗಳೂರಿನ ಜನಪದ ಕಥೆಗಳ ಜಾಗಗಳನ್ನು ಗುರುತಿಸಿ ನಾನು ಬರೆಯುತ್ತಿರುವ ನಕ್ಷೆಯ ಮೂರನೇ ಹಾಳೆ ಗೋಡೆಗೆ ಏರಿದೆ. ಮೊದಲನೆಯದು ಬಂಡೆ-ಗುಡ್ಡಗಳದ್ದು, ಎರಡನೆಯದು ಗುಡಿ-ಕಟ್ಟೆಗಳದ್ದು, ಇದು ನೀರಿನದು. ಇರುವ ಕೆರೆಗೆ ಗಟ್ಟಿ ನೀಲಿ, ಮುಚ್ಚಿಹೋದ ಕೆರೆಗೆ ಚುಕ್ಕೆಗೆರೆ, ಕಥೆ ಇರುವಲ್ಲಿ ಕುಂಕುಮದ ಬಣ್ಣದ ಬೊಟ್ಟು. ಮೂರೂ ಟ್ರೇಸಿಂಗ್ ಹಾಳೆಗಳು, ಒಂದರ ಮೇಲೊಂದು ಇಟ್ಟರೆ ಕೆಳಗಿನದು ಕಾಣುತ್ತದೆ. ಹಾಗೆ ಇಟ್ಟು ನೋಡಿದಾಗ ಮನಸ್ಸು ತುಂಬಿಬಂತು. ಬೊಟ್ಟುಗಳು ಎಲ್ಲೆಂದರಲ್ಲಿ ಬಿದ್ದಿಲ್ಲ; ಎಷ್ಟೋ ಬೊಟ್ಟುಗಳು ನೀರು ಹರಿದ ದಾರಿಯನ್ನೇ ಹಿಡಿದಿವೆ.

ನಮ್ಮೂರಿಗೆ ದೊಡ್ಡ ನದಿಯಿಲ್ಲ. ದಿಣ್ಣೆಯ ಮೇಲಿನ ಊರು. ಬಿದ್ದ ಮಳೆ ವೃಷಭಾವತಿ, ಕೋರಮಂಗಲ-ಚಲ್ಲಘಟ್ಟ, ಹೆಬ್ಬಾಳ ಕಣಿವೆಗಳಿಗೆ ಹಂಚಿಹೋಗುತ್ತದೆ. ಮೇಲಿನ ಕೆರೆ ತುಂಬಿ ಕೋಡಿ ಬಿದ್ದರೆ ಆ ನೀರು ಕೆಳಗಿನ ಕೆರೆಗೆ. ಹೀಗೆ ಕಟ್ಟಿದ ನೀರನ್ನೇ ನಂಬಿ ಬದುಕಿದ ಜನ ತಮ್ಮ ದೇವತೆಗಳನ್ನೂ ಏರಿಯ ಮೇಲೆ, ನೀರು ಬಿಡುವ ತೂಬಿನ ಪಕ್ಕದಲ್ಲಿ ಕೂರಿಸಿದರು.

ಅಣ್ಣಮ್ಮನನ್ನೇ ತೆಗೆದುಕೊಳ್ಳಿ. ಮೆಜೆಸ್ಟಿಕ್ಕಿನ ಗದ್ದಲದಲ್ಲಿ ಆಕೆಯ ಗುಡಿ ನೋಡಿದವರಿಗೆ ಈ ದೇವತೆ ಇಲ್ಲೇಕೆ ಎಂದು ಹೊಳೆಯುವುದಿಲ್ಲ. ಬಸ್ ನಿಲ್ದಾಣದ ಜಾಗದಲ್ಲಿ ಧರ್ಮಾಂಬುಧಿ ಕೆರೆಯ ಚುಕ್ಕೆಗೆರೆ ಎಳೆದರೆ ಸಾಕು, ಅಣ್ಣಮ್ಮ ಮತ್ತೆ ನೀರಿನ ಮಗ್ಗುಲಿಗೆ ಬಂದು ಕೂರುತ್ತಾಳೆ.

ದ್ರೌಪದಿಯ ಹಬ್ಬವಾದ ಕರಗದ ಬೊಟ್ಟು ಎಲ್ಲಿಡಬೇಕು ಎಂದು ಬಹಳ ಯೋಚಿಸಿದೆ. ಧರ್ಮರಾಯನ ಗುಡಿ ತಿಗಳರಪೇಟೆಯಲ್ಲಿದೆ, ಚೈತ್ರ ಹುಣ್ಣಿಮೆಯ ರಾತ್ರಿ ಹೂವಿನ ಕರಗ ಹೊರಡುವುದೂ ಅಲ್ಲಿಂದಲೇ. ಆದರೆ ಅದಕ್ಕೂ ಮೊದಲು ನಡೆಯುವ ಹಸಿ ಕರಗದ ನಂಟು ಇರುವುದು ಸಂಪಂಗಿ ಕೆರೆಯೊಂದಿಗೆ. ಆ ಕೆರೆಯ ಬಹುಭಾಗ ಈಗ ಕಂಠೀರವ ಕ್ರೀಡಾಂಗಣ. ಪಕ್ಕದಲ್ಲಿ ಚಿಕ್ಕದೊಂದು ಕಲ್ಯಾಣಿ ಉಳಿದಿದೆ. ಕರಗದ ಹಿಂದಿನ ಕಥೆ ಇದು: ಪಾಂಡವರು ಸ್ವರ್ಗದ ದಾರಿಯಲ್ಲಿ ಮುಂದೆ ನಡೆದರು, ಹಿಂದೆ ಬಿದ್ದ ದ್ರೌಪದಿಯನ್ನು ತಿಮಿರಾಸುರ ಅಡ್ಡಗಟ್ಟಿದ, ಆಕೆ ಆದಿಶಕ್ತಿಯಾಗಿ ವೀರಕುಮಾರರನ್ನು ಹುಟ್ಟಿಸಿದಳು, ಅಸುರ ಸತ್ತ ಮೇಲೆ ಮಕ್ಕಳು ಹೋಗಬೇಡ ತಾಯಿ ಎಂದು ಹಠ ಹಿಡಿದಾಗ ವರ್ಷಕ್ಕೊಮ್ಮೆ ಬರುತ್ತೇನೆಂದು ಮಾತು ಕೊಟ್ಟಳು. ಆ ಮಾತು ಇವತ್ತಿಗೂ ನಡೆದುಬರುತ್ತಿದೆ. ಕೆರೆ ಹೋದರೂ ತಾಯಿ ನೀರಿನ ಜಾಗ ಮರೆತಿಲ್ಲ. ಹಾಗಾಗಿ ಬೊಟ್ಟನ್ನು ಸಂಪಂಗಿಯಲ್ಲೇ ಇಟ್ಟೆ. ಅಲ್ಲಿಂದ ಗುಡಿಗೆ ಒಂದು ಗೆರೆ, ಕರಗ ನಿಂತು ಹೋಗುವ ಹಜರತ್ ತವಕ್ಕಲ್ ಮಸ್ತಾನ್ ದರ್ಗಾಕ್ಕೆ ಇನ್ನೊಂದು.

ಈ ಹಾಳೆಯಲ್ಲಿ ನನಗೆ ತೀರಾ ಹತ್ತಿರವಾದದ್ದು ಯಾವ ಫಲಕವೂ ಇಲ್ಲದ ಒಂದು ಜಾಗ. ಊರಿನ ದಕ್ಷಿಣದ ಅಂಚಿನ ಕೆರೆ. ಏರಿಯ ಮೇಲೆ ತೂಬಿನ ಹತ್ತಿರ, ಬೇವಿನ ಬುಡದಲ್ಲಿ ಏಳು ಕಲ್ಲುಗಳು ಸಾಲಾಗಿ ನಿಂತಿವೆ. ಒಂದೊಂದೂ ಗೇಣುದ್ದ. ಕೆತ್ತನೆಯಿಲ್ಲ, ಮುಖವಿಲ್ಲ. ಅರಿಶಿನ ಮೆತ್ತಿ ಮೆತ್ತಿ ಮೇಲ್ಮೈ ನುಣ್ಣಗಾಗಿದೆ, ಬುಡದಲ್ಲಿ ಒಡೆದ ಹಸಿರು ಬಳೆಚೂರು. ಕೊನೆಯ ಕಲ್ಲು ಉಳಿದವಕ್ಕಿಂತ ಗಿಡ್ಡ. ಅದು ತಂಗಿಯಂತೆ. ಹಸು ಮೇಯಿಸುತ್ತಿದ್ದ ಅಜ್ಜಿಯನ್ನು ಕೇಳಿದೆ.

"ಅಕ್ಕಯ್ಯಮ್ಮಗಳು ಕಣಪ್ಪ. ಅಮಾಸೆ ದಿನ ನಡುಮಧ್ಯಾಹ್ನ ನೀರಿಗೆ ಇಳೀತಾರೆ. ಆವಾಗ ಈ ಕಡೆ ಸುಳೀಬಾರ್ದು."

"ಸುಳಿದ್ರೆ ಏನಾಗುತ್ತಜ್ಜಿ?"

"ಕರ್ಕೊಂಡೋಗ್ತಾರೆ. ಕೆಟ್ಟೋರಲ್ಲ ಅವ್ರು. ಅವ್ರಿಗೂ ಮಕ್ಳಂದ್ರೆ ಆಸೆ."

ತೂಬಿನ ಬಾಯಿ ಅಂದರೆ ಕೆರೆಯ ಆಳದ ಜಾಗ, ನೀರು ಬಿಟ್ಟಾಗ ಒಳಕ್ಕೆ ಎಳೆಯುತ್ತದೆ. ಮಕ್ಕಳು ಅಲ್ಲಿ ಇಳಿಯಬಾರದೆಂದು ಹುಟ್ಟಿದ ಕಥೆ ಎಂದುಬಿಡಬಹುದು, ಅದರಲ್ಲಿ ಸತ್ಯವೂ ಇದ್ದೀತು. ಆದರೆ ಬರೀ ಎಚ್ಚರಿಕೆಗೆ ಯಾರೂ ಬಳೆ ತೊಡಿಸುವುದಿಲ್ಲ. ಮುಳುಗಿದ ಮಗುವನ್ನು ಎತ್ತಿಕೊಳ್ಳಲು ಏಳು ಜನ ಅಕ್ಕಂದಿರಿದ್ದಾರೆ ಎನ್ನುವ ಸಮಾಧಾನ ಎಷ್ಟು ತಾಯಂದಿರಿಗೆ ಬೇಕಾಗಿತ್ತೋ. ಅಜ್ಜಿಯ ಮಾತನ್ನು ಅವರು ಹೇಳಿದ ಹಾಗೇ ಪುಸ್ತಕಕ್ಕೆ ಇಳಿಸಿದ್ದೇನೆ, ಒಂದಕ್ಷರ ತಿದ್ದಿಲ್ಲ.

ಬಸವನಗುಡಿಯ ಬೊಟ್ಟು ಮೊದಲ ಹಾಳೆಯಲ್ಲೇ ಇತ್ತು. ದೊಡ್ಡಬಸವನ ಪಾದದ ಬಳಿ ವೃಷಭಾವತಿ ಹುಟ್ಟುತ್ತಾಳೆ ಎನ್ನುವ ನಂಬಿಕೆಯಿಂದ ಈ ಹಾಳೆಗೂ ಬಂತು. ಸುಂಕೇನಹಳ್ಳಿಯ ಸುತ್ತಿನ ಕಡಲೆಕಾಯಿ ಹೊಲ ಮೇಯುತ್ತಿದ್ದ ಬಸವನಿಗೆ ರೈತನೊಬ್ಬ ದೊಣ್ಣೆ ಬೀಸಿದ, ಬಸವ ಕಲ್ಲಾದ, ಕಲ್ಲಾದ ಮೇಲೂ ಬೆಳೆಯುತ್ತಲೇ ಹೋದ, ಕೊನೆಗೆ ತಲೆಯ ಮೇಲೆ ತ್ರಿಶೂಲ ನೆಟ್ಟರು. ಕಾರ್ತಿಕದ ಕಡೇ ಸೋಮವಾರದ ಕಡಲೆಕಾಯಿ ಪರಿಷೆಗೆ ಇದೇ ಮೂಲಕಥೆ. ಕಡಲೆಕಾಯಿ ದಕ್ಷಿಣ ಅಮೆರಿಕದ ಬೆಳೆ, ಪೋರ್ಚುಗೀಸರು ಬಂದ ಮೇಲಿನದು. ಅಂದಮೇಲೆ ಕಥೆಯ ಈ ರೂಪಕ್ಕೆ ಹೆಚ್ಚೆಂದರೆ ನಾಲ್ಕೈದು ಶತಮಾನದ ವಯಸ್ಸು. ಅದಕ್ಕೂ ಹಿಂದೆ ಬಸವ ರಾಗಿಯನ್ನೋ ಅವರೆಯನ್ನೋ ಮೇಯುತ್ತಿದ್ದ ಎಂದು ಊಹಿಸಿಕೊಳ್ಳುವುದು ನನಗಿಷ್ಟ.

ಕೋಟೆಯ ಬಾಗಿಲು ನಿಲ್ಲಲೆಂದು ಪ್ರಾಣ ಕೊಟ್ಟಳೆನ್ನುವ ಕೆಂಪೇಗೌಡರ ಸೊಸೆ ಲಕ್ಷ್ಮಮ್ಮನನ್ನು ಕೋರಮಂಗಲದಲ್ಲಿ, ಆಕೆಯ ಸಮಾಧಿ ಇರುವಲ್ಲಿ ಗುರುತಿಸಿದ್ದೇನೆ. 1990ರ ದಶಕದಲ್ಲಿ ಬಾಗಿಲು ಬಾಗಿಲಿಗೂ 'ನಾಳೆ ಬಾ' ಬರೆಸಿದ, ರಾತ್ರಿ ಬಾಗಿಲು ತಟ್ಟುತ್ತಾಳೆಂದು ಜನ ಹೆದರಿದ್ದ ಮೋಹಿನಿಯನ್ನು ಮಾತ್ರ ಹಾಳೆಗೆ ಸೇರಿಸಿಲ್ಲ. ಅವಳಿಗೆ ಕಲ್ಲಿಲ್ಲ, ನೀರಿಲ್ಲ, ಮರವಿಲ್ಲ, ಇಡೀ ಊರೇ ಅವಳದು. ಅವಳಿಗೆ ನಕ್ಷೆಯ ಅಂಚಿನಲ್ಲಿ ಬೇರೆ ಪಟ್ಟಿ ಮಾಡುತ್ತೇನೆ.

ಮುಂದಿನ ಹಾಳೆ ವೀರಗಲ್ಲುಗಳದ್ದು. ಕೆಳಗಿನ ಅಂಕಣದಲ್ಲಿ ಕಾಳಗ, ನಡುವೆ ವೀರನನ್ನು ಎತ್ತಿಕೊಂಡು ಹೋಗುವ ಅಪ್ಸರೆಯರು, ಮೇಲೆ ದೇವಲೋಕ. ಹೆಬ್ಬಾಳದ ಕಿತ್ತಯ್ಯನ ಕಲ್ಲು ಸುಮಾರು 750ರದು, ಬೆಂಗಳೂರಿನ ಹೆಸರಿರುವ ಬೇಗೂರಿನ ಶಾಸನ ಸುಮಾರು 890ರದು. ಎಲ್ಲ ಕಲ್ಲಿನಲ್ಲೂ ಮೂರು ಅಂಕಣ ಇರುವುದಿಲ್ಲವಾದ್ದರಿಂದ ಅಪ್ಸರೆಯರಿರುವ ಕಲ್ಲಿಗೆ ಬೇರೆ ಬಣ್ಣ ಹಾಕುವ ಯೋಚನೆ ಇದೆ. ಬೇಗೂರಿನಿಂದಲೇ ಶುರು. ಕೆತ್ತನೆಯ ನೆರಳು ಚೆನ್ನಾಗಿ ಬೀಳುವುದು ಓರೆ ಬಿಸಿಲಿನಲ್ಲಿ, ಹಾಗಾಗಿ ಬೆಳಿಗ್ಗೆ ಬೇಗ ಹೊರಡಬೇಕು.